ಎರಡು ರೋಲರಿನ ಕೈಗಿರಣಿ: ಕೆಲವು ವರ್ಷಗಳ ಬಳಕೆಯ ನಂತರ

ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಒಡೆಯುವ ಈ ಕೈಗಿರಣಿಯನ್ನು ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಿಗಳನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಲಾಗಿದೆ. ಕೇರಳದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಬ್ಕಾರಿ ಕಾಯಿದೆಯಡಿ ಅಪರಾಧವಾದುದರಿಂದ ಬದಿಯಡ್ಕದ ನಮ್ಮ ಮನೆಯಲ್ಲಿ ಕೆಲಸ ಅರ್ಧದಾರಿಗೇ ನಿಲ್ಲುತ್ತದೆ: ಒಡೆದ ಮಾಲ್ಟನ್ನು 65ರಿಂದ 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿನೀರನ್ನು ಸೋಸಿ, ಹುದುಗಲು ಬಿಡದೆ ಕೂಡಲೇ ಕುದಿಸಿ, ಬ್ರೆಡ್ಡು-ಬನ್ನುಗಳಿಗೆ ಬೇಕಾದ ಮಾಲ್ಟ್ ಪಾಕ ಮಾಡಿಕೊಳ್ಳುತ್ತೇವೆ. ಸಿಹಿನೀರು ಇಳಿಯುವವರೆಗಿನ ಲೆಕ್ಕ ಎರಡಕ್ಕೂ ಒಂದೇ. ಎಷ್ಟು ಮಾಲ್ಟ್ ಹಾಕಬೇಕೆಂಬುದನ್ನು ಬಹುಮಟ್ಟಿಗೆ ಗಿರಣಿಯೇ ತೀರ್ಮಾನಿಸುತ್ತದೆ.

ಊರಿನ ಹಿಟ್ಟಿನ ಮಿಲ್ಲಿಗೆ ಕೊಟ್ಟರೆ ಮಾಲ್ಟ್ ನುಣ್ಣಗೆ ಹಿಟ್ಟಾಗಿ ಬರುತ್ತದೆ. ನೆನೆಸಿದಾಗ ಅಂಟಿನಂತಾಗಿ ಸೋಸುವ ಬೈರಾಸಿನಿಂದ ಒಂದು ತೊಟ್ಟೂ ಇಳಿಯುವುದಿಲ್ಲ. ರೋಲರಿನ ಗಿರಣಿಯಲ್ಲಿ ಕಾಳು ಮೂರು ನಾಲ್ಕು ಚೂರಾಗಿ ಒಡೆದರೂ ಸಿಪ್ಪೆ ಹೆಚ್ಚುಕಡಿಮೆ ಇಡಿಯಾಗಿ ಉಳಿಯುತ್ತದೆ, ಮತ್ತು ಆ ಸಿಪ್ಪೆಯೇ ಸೋಸುವ ಹಾಸಾಗುತ್ತದೆ. ಗಿರಣಿ ನಮ್ಮ ಕೈಗೆ ಬಂದಾಗ ರೋಲರುಗಳ ನಡುವಿನ ಅಂತರ 1.3 ಮಿಲಿಮೀಟರ್ ಇತ್ತು. ಗ್ಯಾರೇಜಿನವರು ಸಣ್ಣ ಸಂದಿ ಅಳೆಯಲು ಬಳಸುವ ಫೀಲರ್ ಗೇಜ್ ಹಿಡಿದು ಅದನ್ನು 1.0ಕ್ಕೆ ತಂದ ಮೇಲೆ, ಬೇರೇನನ್ನೂ ಬದಲಾಯಿಸದೆಯೇ ಇಳುವರಿ, ಅಂದರೆ ಮಾಲ್ಟಿನ ಕರಗಬಲ್ಲ ಅಂಶದಲ್ಲಿ ಸಿಹಿನೀರಿಗೆ ಬಂದ ಪಾಲು, ಶೇಕಡಾ 63ರಿಂದ 70ಕ್ಕೆ ಏರಿತು. 0.8ಕ್ಕಿಂತ ಕೆಳಗಿಳಿಸಿದರೆ ಸಿಪ್ಪೆಯೂ ಪುಡಿಯಾಗಿ ಮತ್ತೆ ಅದೇ ಅಂಟಿನ ತಾಪತ್ರಯ.

ಈ ಶೇಕಡಾ ಲೆಕ್ಕ ಹೀಗೆ. ಒಳ್ಳೆಯ ಬಾರ್ಲಿ ಮಾಲ್ಟಿನ ಒಂದು ಕಿಲೋದಲ್ಲಿ ನೀರಿಗೆ ಬಿಡಬಲ್ಲ ಅಂಶ ಸುಮಾರು 800 ಗ್ರಾಂ ಇರುತ್ತದೆ. ಮೂರು ಕಿಲೋ ಹಾಕಿದಾಗ 2.4 ಕಿಲೋ ಬರಬೇಕು. ನಮಗೆ ಸಿಕ್ಕಿದ್ದು 12 ಬ್ರಿಕ್ಸ್ (ತೂಕದಲ್ಲಿ ಶೇಕಡಾ 12 ಕರಗಿದ ಸಿಹಿ ಅಂಶ) ತೋರಿಸುವ 12 ಲೀಟರ್ ಸಿಹಿನೀರು. ಅದರ ತೂಕ ಸುಮಾರು 12.6 ಕಿಲೋ, ಅದರಲ್ಲಿ ಕರಗಿದ ಅಂಶ 1.5 ಕಿಲೋ, ಅಂದರೆ ಶೇಕಡಾ 63. ಅಷ್ಟೇ ಸಿಹಿನೀರು 70ರ ಇಳುವರಿಯಲ್ಲಿ ಬೇಕಾದರೆ ಮೂರನ್ನು 63ರಿಂದ ಗುಣಿಸಿ 70ರಿಂದ ಭಾಗಿಸಿದರಾಯಿತು: 2.7 ಕಿಲೋ ಸಾಕು. ಬಣ್ಣಕ್ಕೆಂದು ಹಾಕುವ ಕಪ್ಪು ಹುರಿದ ಮಾಲ್ಟನ್ನು ಈ ಗುಣಾಕಾರಕ್ಕೆ ಸೇರಿಸಬಾರದು. ಹೆಚ್ಚು ಕಡಿಮೆ ಮಾಡಬೇಕಾದದ್ದು ಬಿಳಿ ಮಾಲ್ಟನ್ನು ಮಾತ್ರ.

ಆದರೆ ಈ ತ್ರೈರಾಶಿ ಸಣ್ಣ ಬದಲಾವಣೆಗಳಿಗೆ ಮಾತ್ರ ಹೊಂದುತ್ತದೆ. ನೆನೆದ ಮಾಲ್ಟ್ ಕಿಲೋಗೆ ಸುಮಾರು ಒಂದು ಲೀಟರಿನಷ್ಟು ಸಿಹಿನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಪಾತ್ರೆಯಲ್ಲಿ, ಅದೇ 12 ಲೀಟರ್ 18 ಬ್ರಿಕ್ಸ್ ಬರಲೆಂದು 70ರ ಲೆಕ್ಕದಲ್ಲಿ ಮಾಲ್ಟನ್ನು ನಾಲ್ಕು ಕಿಲೋ ದಾಟಿಸಿದಾಗ, ಉಳಿಯುವ ನೀರೂ ಹೆಚ್ಚು, ಅದರ ಸಿಹಿಯೂ ಹೆಚ್ಚು. ಮಾಲ್ಟಿನಲ್ಲಿ ಉಳಿದ ಸಿಹಿಯನ್ನು ತೊಳೆದು ತೆಗೆಯಲು ಬೇರೆ ನೀರಿಗೆ ಅವಕಾಶ ಕಡಿಮೆ. ನಮ್ಮಲ್ಲಿ ಇಳುವರಿ 64ರ ಆಸುಪಾಸಿಗೆ ಇಳಿಯಿತು, ನಿಜವಾಗಿ ಬೇಕಾದದ್ದು ನಾಲ್ಕೂವರೆ ಕಿಲೋ. ಹಾಗಾಗಿ ತೆಳು ಸಿಹಿನೀರಿಗೊಂದು, ದಪ್ಪ ಸಿಹಿನೀರಿಗೊಂದು ಎಂದು ಎರಡು ಶೇಕಡಾಗಳನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಇಳುವರಿಯನ್ನು 80ಕ್ಕೆ ಏರಿಸುವ ಹಟಕ್ಕಿಂತ ಪ್ರತಿ ಬಾರಿಯೂ 70 ಬರುವಂತೆ ನೋಡಿಕೊಳ್ಳುವುದರಲ್ಲಿ ಹೆಚ್ಚು ಪ್ರಯೋಜನವಿದೆ ಎಂಬುದು ನನ್ನ ಅಭಿಪ್ರಾಯ. ಚರಟ ಹೇಗೂ ಹಟ್ಟಿಗೆ ಹೋಗುತ್ತದೆ, ದನಗಳು ಅದನ್ನು ಬೇಡವೆಂದದ್ದಿಲ್ಲ.

ಒಂದೇ ಇಳುವರಿಗೆ ಒಂದೇ ಅಂತರ ಬೇಕು, ಈ ಗಿರಣಿಯ ದೌರ್ಬಲ್ಯವಿರುವುದೂ ಅಲ್ಲಿಯೇ. ಅಂತರ ಹೊಂದಿಸುವ ಎರಡೂ ಬದಿಯ ತಿರುಪುಗಳು ಅದುರಿ ಅದುರಿ ಸಡಿಲವಾಗುತ್ತವೆ; ಒಂದು ಬದಿ 1.0, ಇನ್ನೊಂದು ಬದಿ 1.2 ಆದಾಗ ಇಡಿ ಕಾಳುಗಳು ಹಾಗೆಯೇ ಕೆಳಗೆ ಬಿದ್ದಿರುತ್ತವೆ. ಮಾರ್ಕರಿನಿಂದ ಗೆರೆ ಎಳೆದಿಟ್ಟು, ಪ್ರತಿ ಸಲ ಮೊದಲ ಮುಷ್ಟಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡುವುದು ರೂಢಿಯಾಗಿದೆ. ರೋಲರುಗಳು ಸಾದಾ ಉಕ್ಕಿನವು. ಆಟಿಯ ಮಳೆಯಲ್ಲಿ ಒಂದು ವಾರ ಹೊರಗಿಟ್ಟರೆ ಹಲ್ಲುಗಳ ಸಂದಿಯಲ್ಲಿ ಕೆಂಪು ತುಕ್ಕು ಕಾಣಿಸುತ್ತದೆ; ನೀರು ತಾಗಿಸದೆ ಒಣ ಬ್ರಶ್ಶಿನಿಂದ ಉಜ್ಜಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಮಾಲ್ಟಿಗೂ ಅದೇ ಮಾತು. ಥಂಡಿ ಹಿಡಿದ ಮಾಲ್ಟನ್ನು ತೂಗಿದಾಗ ತಕ್ಕಡಿಯಲ್ಲಿ ನೀರನ್ನೂ ತೂಗುತ್ತೇವೆ, ಕಾಳೂ ಸರಿಯಾಗಿ ಒಡೆಯುವುದಿಲ್ಲ; ಇಳುವರಿ ಎರಡು ಕಡೆಯಿಂದ ಕುಸಿಯುತ್ತದೆ.

ಗಿರಣಿಯ ಜತೆ, ಒಂದು ಹನಿಯಿಂದಲೇ ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ಇಲ್ಲದಿದ್ದರೆ ಮೇಲಿನ ಲೆಕ್ಕವೇ ಸಾಧ್ಯವಿಲ್ಲ. 0–32 ಬ್ರಿಕ್ಸಿನದು ಸಿಹಿನೀರಿಗೆ ಸಾಕು, ಗಟ್ಟಿ ಪಾಕಕ್ಕೆ ಸಾಲದು. ಅದರ ತಾಪಮಾನ ಸರಿಪಡಿಸುವ ವ್ಯವಸ್ಥೆ ಸಾಮಾನ್ಯವಾಗಿ 30 ಡಿಗ್ರಿಯವರೆಗೆ ಮಾತ್ರ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಡಿಗೆ ಕೋಣೆ ಅದನ್ನು ದಾಟುವುದರಿಂದ, ಬಟ್ಟಿ ಇಳಿಸಿದ ನೀರಿನಿಂದ ಆಗಾಗ ಸೊನ್ನೆ ಹೊಂದಿಸಿಕೊಳ್ಳಬೇಕು ಮತ್ತು ಹನಿಯನ್ನು ಚಮಚದಲ್ಲಿ ಆರಿಸಿ ನಂತರವೇ ಗಾಜಿನ ಮೇಲೆ ಹಾಕಬೇಕು.

ಹಿಡಿಕೆಯ ಬದಿಯ ಬುಶ್ (ರೋಲರಿನ ದಂಡ ತಿರುಗುವ ಬಳೆ) ಸವೆದಾಗ ಮಾರಿದವರಿಂದ ಉತ್ತರ ಬರಲಿಲ್ಲ. ಕಾಸರಗೋಡಿನ ಲೇತ್ ಅಂಗಡಿಯಲ್ಲಿ ಹಿತ್ತಾಳೆಯದೊಂದನ್ನು ಕಡೆಸಿ ಹಾಕಿಸಿದ್ದು ಇಂದಿಗೂ ನಡೆಯುತ್ತಿದೆ. ಹೊಸದಾಗಿ ಕೊಳ್ಳುವವರು, ಕರಾವಳಿಯವರಾದರೆ, ಸ್ವಲ್ಪ ಹೆಚ್ಚು ಬೆಲೆಯಾದರೂ ಸ್ಟೇನ್‌ಲೆಸ್ ರೋಲರಿನ ಮಾದರಿಯನ್ನೇ ಕೇಳಿ ತರಿಸಿಕೊಳ್ಳಬೇಕು.