ಮುಚ್ಚಳ ಎತ್ತುವ ಪುಸ್ತಕವೋ, ಗುಂಡಿ ಒತ್ತುವುದೋ?

ಒಂದೂವರೆ ವರ್ಷದ ಮಗುವಿಗೆ ಓಡು, ಹಾರು, ಜಿಗಿ ಎಂಬ ಪದ ಕಲಿಸಬೇಕೆಂದರೆ ಮುಚ್ಚಳ ಎತ್ತುವ ದಪ್ಪ ರಟ್ಟಿನ ಪುಸ್ತಕ ಕೊಳ್ಳಿ. ಎಲೆಯ ಚಿತ್ರ ಎತ್ತಿದರೆ ಕೆಳಗೆ ಕಪ್ಪೆ, "ಕಪ್ಪೆ ಏನ್ ಮಾಡುತ್ತೆ?" ಅಂತ ಕೇಳಿ ನೀವೇ ಒಮ್ಮೆ ಕುಪ್ಪಳಿಸಿ, ಮಗುವೂ ಕುಪ್ಪಳಿಸಲು ನೋಡುತ್ತದೆ. ಇಂಗ್ಲಿಷ್ ಪುಸ್ತಕವಾದರೂ ಕನ್ನಡದಲ್ಲೇ ಹೇಳಬಹುದು. ಮುಚ್ಚಳ ಬೇಗ ಹರಿಯುತ್ತದೆ, ಟೇಪ್ ಅಂಟಿಸಿದರಾಯಿತು.

ಹಸುವಿನ ಅಂಬಾ, ಆನೆಯ ಘೀಳು ಕೇಳಿಸಬೇಕೆಂದರೆ ಗುಂಡಿ ಒತ್ತುವ ಪುಸ್ತಕ ಚೆನ್ನ. ಬೆಲೆ ಜಾಸ್ತಿ. ಅದರೊಳಗಿನ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ನುಂಗಿದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು ಮನೆಗೇ ತರಬೇಡಿ.

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ. ಆದರೆ ಎರಡು ವರ್ಷದೊಳಗೆ ಮೊಬೈಲ್, ಟಿವಿ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮಗುವಿಗೆ ಮೂರಾಗಿದ್ದು, ಕನ್ನಡ ಪುಸ್ತಕ ಸಿಗದ ಊರಲ್ಲಿದ್ದರೆ ಇದೇ ಅನುಕೂಲ.