ಮೆಟಾಲಿಕಾದ ಕಪ್ಪು ಆಲ್ಬಮ್: ಕಳೆದು ಕಟ್ಟಿದ ಸದ್ದು

1991ರ ಆಗಸ್ಟ್ 12ರಂದು ಬಿಡುಗಡೆಯಾದ, ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಐದನೆಯ ಆಲ್ಬಮಿಗೆ ಬ್ಯಾಂಡಿನದೇ ಹೆಸರಿದ್ದರೂ ಕೇಳುಗರು ಅದನ್ನು ಹೊದಿಕೆಯ ಬಣ್ಣದಿಂದಲೇ ಗುರುತಿಸುತ್ತಾರೆ. ಕಪ್ಪಿನೊಳಗೆ ಕಪ್ಪಾಗಿಯೇ ಅಡಗಿದ ಹೆಸರು, ಮೂಲೆಯಲ್ಲಿ ಸುರುಳಿ ಸುತ್ತಿದ ಹಾವು. ಥ್ರಾಶ್ ಎಂಬ ಅತಿವೇಗದ, ಬಿರುಸಾದ ಮೆಟಲ್ ಶೈಲಿಯ ಹಳೆಯ ಅಭಿಮಾನಿಗಳಲ್ಲಿ ಒಂದು ಪಂಗಡ, ಆ ದಾರಿ ಬಿಟ್ಟು ಸರಳವಾದ ಇದನ್ನು ಇಂದಿಗೂ ದ್ರೋಹವೆಂದೇ ಬಗೆಯುತ್ತದೆ. 2021ರಲ್ಲಿ ಮರುಸಂಸ್ಕರಣಗೊಂಡು (ರೀಮಾಸ್ಟರ್ ಆಗಿ) ಬಂದ ಆವೃತ್ತಿಯನ್ನು ಕೆಲವು ವಾರ ಕೇಳಿದ ಮೇಲೆ ಆ ಆರೋಪವನ್ನು ನಾನು ಒಪ್ಪಲಾರೆ, ಆದರೂ ಅದರ ಹಿಂದಿನ ಸಂಕಟ ಅರ್ಥವಾಗುತ್ತದೆ.

ಇದಕ್ಕೆ ಮುನ್ನ, 1988ರಲ್ಲಿ ಬಂದ 'ಆಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮಿನ ಶೀರ್ಷಿಕೆಗೀತೆಯೇ ಹತ್ತು ನಿಮಿಷಗಳಷ್ಟು ಉದ್ದವಿತ್ತು. ತಾಳ ಮೇಲಿಂದ ಮೇಲೆ ಮುರಿಯುತ್ತಿತ್ತು. ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಗಿಟಾರ್, ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಅಂತಿಮ ಮಿಶ್ರಣದಲ್ಲಿ ಹೆಚ್ಚೂಕಡಿಮೆ ಮಾಯವಾಗಿತ್ತು. ಅಂಥ ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ಮುಂದಿನ ಸಾಲಿನವರು ಆಕಳಿಸುವುದನ್ನು ಕಂಡೆವೆಂದು ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಆಮೇಲೆ ಹೇಳಿಕೊಂಡದ್ದುಂಟು. ದಾರಿ ಬದಲಿಸುವ ನಿರ್ಧಾರಕ್ಕೆ ಹಣದ ಆಸೆಯಷ್ಟೇ ಕಾರಣವೆನ್ನುವವರು ಈ ಆಕಳಿಕೆಯನ್ನು ಮರೆಯುತ್ತಾರೆ.

ಮಾಟ್ಲಿ ಕ್ರೂ ಬ್ಯಾಂಡಿನ ಆಲ್ಬಮಿನಲ್ಲಿ ಕೇಳಿದ ತುಂಬು ಸದ್ದಿಗೆ ಮನಸೋತು ಇವರು ನಿರ್ಮಾಪಕ ಬಾಬ್ ರಾಕ್ ಅವರನ್ನು ಕರೆಸಿಕೊಂಡರು. ಲಾಸ್ ಏಂಜಲೀಸಿನ ಒನ್ ಆನ್ ಒನ್ ಸ್ಟುಡಿಯೋದಲ್ಲಿ 1990ರ ಅಕ್ಟೋಬರಿನಲ್ಲಿ ಶುರುವಾದ ಕೆಲಸ ಮುಗಿದದ್ದು ಮರುವರ್ಷದ ಜೂನ್ ಹೊತ್ತಿಗೆ. ಮಿಶ್ರಣವನ್ನೇ ಮೂರು ಬಾರಿ ಬದಲಿಸಿದರು. ಸರಳವಾಗುವುದಕ್ಕೆ ಪಟ್ಟ ಪಾಡು ಎಂಥದೆಂಬುದು 'ಎಂಟರ್ ಸ್ಯಾಂಡ್‌ಮ್ಯಾನ್' ಹಾಡಿನ ರಿಫ್ಫಿನಲ್ಲೇ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲೇ, ತಿಳಿಯುತ್ತದೆ. ಹ್ಯಾಮೆಟ್ ಮೊದಲು ಕಟ್ಟಿದ ರಿಫ್ಫಿನಲ್ಲಿ ಪ್ರತಿ ಸುತ್ತಿಗೂ ಒಂದು ಭಾರವಾದ ಬಾಲವಿತ್ತು. ಮೊದಲ ತುಣುಕನ್ನು ಮೂರು ಸಲ ನುಡಿಸಿ, ನಾಲ್ಕನೆಯದಕ್ಕೆ ಮಾತ್ರ ಆ ಬಾಲ ಹಚ್ಚೋಣವೆಂದು ಡ್ರಮ್ಸ್ ವಾದಕ ಲಾರ್ಸ್ ಉಲ್ರಿಕ್ ಸೂಚಿಸಿದರು. ಅಷ್ಟರಿಂದಲೇ ರಿಫ್ಫಿಗೆ ಪಲ್ಲವಿಯ ಗುಣ ಬಂತು. ಒಮ್ಮೆ ಕೇಳಿದವನೂ ಗುನುಗಬಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡ್ ನುಡಿಸಿದಾಗ ನನ್ನ ಅಕ್ಕಪಕ್ಕದವರು ಸಾಹಿತ್ಯಕ್ಕೆ ಕಾಯದೆ ಆ ರಿಫ್ಫನ್ನೇ ಬಾಯಲ್ಲಿ ಹಾಡುತ್ತಿದ್ದರು.

'ಸ್ಯಾಡ್ ಬಟ್ ಟ್ರೂ' ಹಾಡಿನಲ್ಲಿ ಶ್ರುತಿಯನ್ನು ಒಂದು ಸ್ವರ ಕೆಳಗಿಳಿಸಿ, ಗತಿಯನ್ನು ಬೇಕೆಂದೇ ತಗ್ಗಿಸಿದ್ದಾರೆ. ವೇಗ ಕಡಿಮೆಯಾದಷ್ಟೂ ಭಾರ ಹೆಚ್ಚುತ್ತದೆಂಬುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗಲಾರದು. 'ದಿ ಅನ್‌ಫರ್ಗಿವನ್' ವಾಡಿಕೆಯನ್ನು ತಿರುವುಮುರುವು ಮಾಡಿ ಚರಣವನ್ನು ಗಡುಸಾಗಿಯೂ ಪಲ್ಲವಿಯನ್ನು ಮೆದುವಾಗಿಯೂ ಇಡುತ್ತದೆ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ತಂತಿ ಮೀಟುತ್ತ ಕಂಡುಕೊಂಡ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಗೀತೆಯ ಆರಂಭಕ್ಕೆ ಎಡಗೈ ಬೇಡವೇ ಬೇಡ. ಗಿಟಾರ್ ಕೊಂಡ ಮೊದಲ ವಾರದಲ್ಲೇ ಎಲ್ಲರೂ ಅದನ್ನು ನುಡಿಸಿ ಮನೆಯವರ ತಾಳ್ಮೆ ಕೆಡಿಸುವುದು ಅದಕ್ಕೇ. ಸಂಗೀತ ಸಂಯೋಜಕ ಮೈಕೆಲ್ ಕೇಮನ್ ಜೋಡಿಸಿದ ವಾದ್ಯವೃಂದ ಹಿನ್ನೆಲೆಯಲ್ಲೇ ಉಳಿದು ಹಾಡನ್ನು ಎತ್ತಿಹಿಡಿಯುತ್ತದೆ.

ಆದರೆ ಹನ್ನೆರಡೂ ಹಾಡುಗಳು ಈ ಮಟ್ಟದಲ್ಲಿಲ್ಲ. 'ಡೋಂಟ್ ಟ್ರೆಡ್ ಆನ್ ಮಿ' ತೋಳು ತಟ್ಟುವುದರಲ್ಲೇ ಮುಗಿದುಹೋಗುತ್ತದೆ. ಉತ್ತರಾರ್ಧದಲ್ಲಿ ಒಂದೇ ಅಳತೆಯ ಗತಿ ಬೇಸರ ತರಿಸುತ್ತದೆ. ಮುಂದಿನ ತಿರುವು ಎಲ್ಲಿಗೆ ಎಂದು ಕೇಳುಗನನ್ನು ಕಂಗೆಡಿಸುತ್ತಿದ್ದ ಹಳೆಯ ಮೆಟಾಲಿಕಾ ಇಲ್ಲಿ ಸಿಗುವುದಿಲ್ಲ, ಮತ್ತು ಆ ನಷ್ಟವನ್ನು ಯಾವ ಮಾರಾಟದ ಅಂಕಿಯೂ ತುಂಬಿಕೊಡದು. 'ದಿ ಗಾಡ್ ದಟ್ ಫೇಲ್ಡ್' ಮಾತ್ರ ಇದಕ್ಕೆ ಹೊರತು: ಧರ್ಮನಂಬಿಕೆಯಿಂದಾಗಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯದೆ ತೀರಿಕೊಂಡ ತಾಯಿಯ ನೆನಪು ಹೆಟ್‌ಫೀಲ್ಡ್ ದನಿಗೆ ತಂದ ಕಹಿಯನ್ನು ಯಾವ ನುಣುಪೂ ಮುಚ್ಚಿಲ್ಲ. ಅದನ್ನು ತೆರೆಯುವುದು ನ್ಯೂಸ್ಟೆಡ್ ಬೇಸ್, ಈ ಬಾರಿ ಸ್ಪಷ್ಟವಾಗಿ.

ಮರುಸಂಸ್ಕರಣದಿಂದ ನನ್ನ ಕಿವಿಗೆ ಹೆಚ್ಚಿನ ವ್ಯತ್ಯಾಸವೇನೂ ತಿಳಿಯಲಿಲ್ಲ. ಹಳೆಯ ಸಿಡಿ ಇದ್ದವರು ಅದನ್ನೇ, ಫೋನಿನ ಸ್ಪೀಕರಿನಲ್ಲಲ್ಲದೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಸಾಕು.