ಸಾಲದಿಂದ ಉಪಯೋಗ ಆಯ್ತಾ? 14 ಪುಟದ ಫಾರ್ಮ್, ಫೋನ್, ಮತ್ತು ಒಂದೇ ಪ್ರಶ್ನೆ

ಸಾಲ ಪಡೆದವರಿಗೆ ಉಪಯೋಗ ಆಯ್ತಾ ಅಂತ ತಿಳಿಯಲು ಉದ್ದನೆಯ ಫಾರ್ಮ್ ತುಂಬಿಸಬೇಕಾ, ಫೋನ್ ಮಾಡಬೇಕಾ, ಒಂದೇ ಪ್ರಶ್ನೆ ಕೇಳಿದರೆ ಸಾಕಾ? ನನ್ನ ಓಟು ಒಂದೇ ಪ್ರಶ್ನೆಗೆ, ಅದೂ ಮನೆಗೇ ಹೋಗಿ ಕೇಳುವುದಕ್ಕೆ. 14 ಪುಟದ ಫಾರ್ಮ್‌ಗೆ ದುಡ್ಡು ಸುರಿದ ಮೇಲೆ ಹೇಳುತ್ತಿದ್ದೇನೆ.

ನಮ್ಮದು ಕಲಬುರಗಿ ಕಡೆಯ ಚಿಕ್ಕ ಸಂಸ್ಥೆ. ರೊಟ್ಟಿ ಬಡಿದು ಮಾರುವ, ಹೊಲಿಗೆ ಹಾಕುವ ಹೆಣ್ಣುಮಕ್ಕಳ ಸಂಘಗಳಿಗೆ ಸಾಲ ಕೊಡಿಸುತ್ತೇವೆ. ಅದರಿಂದ ಏನು ಬದಲಾಯಿತು ಅಂತ ದಾನಿಗಳು ಕೇಳಿದಾಗ ಸರ್ವೆಯವರನ್ನು ಕರೆಸಿದೆವು.

ಫಾರ್ಮ್‌ನ ಮೂರನೇ ಪುಟದಲ್ಲೇ ಸಿಕ್ಕಿಬಿದ್ದೆವು. 'ಕಳೆದ ತಿಂಗಳು ಹಿಟ್ಟಿಗೆ ಎಷ್ಟು ಖರ್ಚಾಯಿತು?' ಅಕ್ಕ ಒಬ್ಬರು ಹಿಟ್ಟಿನ ಡಬ್ಬಿಯನ್ನೇ ಎಳೆದು ಮುಂದಿಟ್ಟರು. ಜೋಳ ಅರ್ಧ ಸ್ವಂತ ಹೊಲದ್ದು, ಅರ್ಧ ಸಂತೆಯದು. ಮಾರುವ ರೊಟ್ಟಿಗೂ ಅದೇ ಡಬ್ಬಿ, ಮಕ್ಕಳ ಊಟಕ್ಕೂ ಅದೇ. "ಇದರಾಗ ಧಂದೆದ್ದು ಯಾವುದು, ಮನಿದು ಯಾವುದು ಅಂತ ಹ್ಯಾಂಗ ಹೇಳ್ಲಿ ರೀ?" ಸರ್ವೆ ಹುಡುಗ ತಲೆ ಕೆರೆದುಕೊಂಡು ಇಡೀ ಡಬ್ಬಿಯನ್ನು ಧಂದೆಯ ಖರ್ಚಿಗೆ ಬರೆದ.

ಕೊನೆಗೆ ಕಂಪ್ಯೂಟರ್ ಹೇಳಿದ್ದು: ಅಕ್ಕ ಪ್ರತಿ ತಿಂಗಳೂ ನಷ್ಟದಲ್ಲಿದ್ದಾರೆ. ನಷ್ಟದಲ್ಲಿದ್ದವರ ಮನೆಗೆ ಎರಡನೇ ಗ್ಯಾಸ್ ಒಲೆ ಹೇಗೆ ಬಂತು? ಇಂಥ ಫಾರ್ಮ್‌ಗಳು ಒಂದೆರಡಲ್ಲ.

ಆಮೇಲೆ ಗೊತ್ತಾಯಿತು, ಡಿ ಮೆಲ್, ಮೆಕೆಂಜಿ, ವುಡ್ರಫ್ ಎಂಬ ಅರ್ಥಶಾಸ್ತ್ರಜ್ಞರು ಶ್ರೀಲಂಕಾದ ಸಣ್ಣ ವ್ಯಾಪಾರಿಗಳ ನಡುವೆ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದರು. ಅಲ್ಲಿ ಜನ ಮಾರಾಟದ ಮೊತ್ತವನ್ನು ಸುಮಾರು 30% ಕಡಿಮೆ ಹೇಳಿದ್ದರು. ಬಿಡಿಬಿಡಿ ಖರ್ಚು ಕೇಳುವ ಬದಲು ಲಾಭವನ್ನೇ ಕೇಳಿದರೆ ಉತ್ತರ ನಿಜಕ್ಕೆ ಹತ್ತಿರ. ಈಗ ನಾವು ಕೇಳುವುದು ಇಷ್ಟೇ: "ಎಲ್ಲ ಖರ್ಚು ಹೋಗಿ ಕಳೆದ ತಿಂಗಳು ಎಷ್ಟು ಉಳೀತು?"

ಇದನ್ನು ಫೋನ್‌ನಲ್ಲಿ ಕೇಳುವುದು ಅಗ್ಗ. ಆದರೆ ಫೋನ್ ಇರುವುದು ಮಗನ ಜೇಬಿನಲ್ಲಿ. ಅದಕ್ಕೇ ಮನೆಗೇ ಹೋಗುತ್ತೇವೆ.

ಸಾಲ ಸಿಗದಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಲಾಭದ ಪ್ರಶ್ನೆಯೊಂದೇ ಸಾಲದು. ಹೈದರಾಬಾದಿನಲ್ಲಿ ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡಫ್ಲೋ ಅವರ ತಂಡ 104 ಬಡಾವಣೆಗಳಲ್ಲಿ 52ನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿ ಮಾತ್ರ ಮೊದಲು ಒಂದು ಸಂಸ್ಥೆಯ ಸಾಲ ಸಿಗುವಂತೆ ಮಾಡಿ, ಉಳಿದ ಬಡಾವಣೆಗಳ ಜೊತೆ ಹೋಲಿಸಿತ್ತು. ನಮಗೆ ಅದು ಕನಸು. ನಾವು ಸಂಘಕ್ಕೆ ಈಗಷ್ಟೇ ಸೇರಿ, ಇನ್ನೂ ಸಾಲ ಪಡೆಯದವರಿಗೂ ಅದೇ ಪ್ರಶ್ನೆ ಕೇಳಿ ಹೋಲಿಸುತ್ತೇವೆ. ಪಕ್ಕಾ ಅಲ್ಲ, ಸುಮ್ನೆ ಊಹಿಸುವುದಕ್ಕಿಂತ ವಾಸಿ.

ಸಂಘ ಬಿಟ್ಟವರ ಮನೆಗೂ ಹೋಗಲೇಬೇಕು. ಇಲ್ಲದಿದ್ದರೆ ಲೆಕ್ಕದಲ್ಲಿ ಗೆದ್ದವರಷ್ಟೇ ಉಳಿಯುತ್ತಾರೆ, ಅಲ್ವಾ? ಜಾಸ್ತಿ ಪೆಟ್ರೋಲ್ ಹೋಗುವುದು ಇದಕ್ಕೇ. ಕಳೆದ ಸಲ ಒಬ್ಬರು ಬಾಗಿಲು ತೆಗೆಯಲೇ ಇಲ್ಲ, ಕಿಟಕಿಯಿಂದಲೇ ಕೇಳಿದರು: "ಕಂತು ಕೇಳಾಕ ಬಂದೀರೇನು?"